ಹೆಸರಪಟ್ಟಿಯಿಂದ ಗ್ರಾಮಸಭೆಯವರೆಗೆ



ತೊಂಬತ್ತರ ದಶಕದ ಆರಂಭದ ಮಾತು. ಜುಲೈ ತಿಂಗಳ ವನಮಹೋತ್ಸವದ ದಿನ. ಮಕ್ಕಳೆಲ್ಲರೂ ಗುದ್ದಲಿ, ಸಸಿ ಹಿಡಿದು ಹೊರಟಿದ್ದರು. ಪೋಲಿಯೋದಿಂದ ಕಾಲು ಸೊರಗಿದ್ದ ಒಬ್ಬ ಹುಡುಗನಿಗೆ ನಾನು, "ನೀನು ಇಲ್ಲೇ ಕುಳಿತು ಎಲ್ಲರ ಪಾಟಿಚೀಲ ಕಾಯಪ್ಪಾ" ಎಂದೆ. ಕರುಣೆಯಿಂದಲೇ ಆಡಿದ ಮಾತು. ಸಂಜೆ ಅವನು ಮೆಲ್ಲನೆ ಕೇಳಿದ: "ಸಸಿ ಹಚ್ಚೂದು ಎಲ್ಲಾರೂ ಕುಂತ ಮಾಡೂ ಕೆಲಸ ಅಲ್ರೀ ಸರ್?" ನನ್ನಲ್ಲಿ ಉತ್ತರವಿರಲಿಲ್ಲ.

ಇತಿಹಾಸವನ್ನು ಪಾಠ ಮಾಡಿದವನಾದ್ದರಿಂದ, ಆ ತಪ್ಪಿನ ಬೇರನ್ನೂ ಇತಿಹಾಸದಲ್ಲಿಯೇ ಹುಡುಕಿದೆ.

1876ರಲ್ಲಿ ಮುಂಗಾರು ಕೈಕೊಟ್ಟಿತು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆದ ಆ ಮಹಾಕ್ಷಾಮ 1878ರವರೆಗೂ ಕಾಡಿತು. ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಅಸುನೀಗಿದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಜಿಲ್ಲೆಯೂ ತೀವ್ರವಾಗಿ ನರಳಿತು. ಸರಕಾರ ಕೆರೆ, ರಸ್ತೆಗಳ ಕಾಮಗಾರಿ ತೆರೆದು, ಮೈಮುರಿದು ದುಡಿದವರಿಗೆ ಕೂಲಿ ಕೊಟ್ಟಿತು. ದುಡಿಯಲಾರದ ಕುರುಡರು, ಕುಂಟರು, ವೃದ್ಧರ ಗತಿಯೇನು? 1880ರಲ್ಲಿ ವರದಿ ಸಲ್ಲಿಸಿದ ಕ್ಷಾಮ ಆಯೋಗವು ಇಂಥವರಿಗೆ ಧರ್ಮಾರ್ಥ ಪರಿಹಾರ ಸಲ್ಲಬೇಕೆಂದಿತು. 1883ರ ಕರಡು ಕ್ಷಾಮ ಸಂಹಿತೆಯ ಬಳಿಕ, ಊರೂರಿನಲ್ಲಿ ಅಂಥವರ ಹೆಸರಪಟ್ಟಿ ಸಿದ್ಧಪಡಿಸುವುದು ಕ್ಷಾಮಾಡಳಿತದ ಭಾಗವಾಯಿತು.

ಆ ಪಟ್ಟಿ ಅನೇಕರ ಜೀವ ಉಳಿಸಿರಬೇಕು, ಅದನ್ನು ಹಳಿಯಲಾರೆ. ಆದರೆ ಅದು ಊರನ್ನು ಎರಡಾಗಿ ಸೀಳಿತು: ಬರವನ್ನು ಎದುರಿಸಿ ದುಡಿಯುವವರು ಒಂದು ಕಡೆ, ಕೈಯೊಡ್ಡಿ ಕೂರುವವರು ಇನ್ನೊಂದು ಕಡೆ. ಪಾಟಿಚೀಲ ಕಾಯಲು ನಾನು ಹೇಳಿದ್ದೂ ಅದೇ ಪಟ್ಟಿಯ ಮೊಮ್ಮಗನಂಥ ಮಾತು.

ಇದಕ್ಕೆ ವ್ಯತಿರಿಕ್ತವಾಗಿ ಯೋಚಿಸಿದವರು ನಮ್ಮ ಸೀಮೆಯಲ್ಲಿಯೇ ಇದ್ದರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನನ್ನು ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿ, ಅನ್ನದ ಜೊತೆಗೆ ಸಂಗೀತ ವಿದ್ಯೆಯನ್ನೂ ಕೊಡಿಸಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳಾದರು. ಅವರೂ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಟ್ಟಿ ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರೇ ಗುರುಗಳಾದರು, ಅಂಧರೇ ಸಂಸ್ಥೆಯನ್ನು ನಡೆಸಿದರು. ಪಟ್ಟಿಯಲ್ಲಿ ಇವರಿಗಿದ್ದುದು ಒಂದೇ ಪದ, 'ಅಶಕ್ತರು'. ಆಶ್ರಮದಲ್ಲಿ ಇವರು ಯಜಮಾನರು.

ಕಾನೂನು ಈ ಮಾತಿಗೆ ಬರಲು ಬಹಳ ಕಾಲ ಹಿಡಿಯಿತು. 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರಲ್ಲಿ ಅದನ್ನು ಅನುಮೋದಿಸಿತು. ಪ್ರಕೃತಿ ವಿಕೋಪದ ಸಂದರ್ಭದಲ್ಲಿ ವಿಕಲಚೇತನರ ರಕ್ಷಣೆ ಸರಕಾರಗಳ ಹೊಣೆಯೆಂದು ಅದರ 11ನೆಯ ವಿಧಿ ಸಾರುತ್ತದೆ. ಹವಾಮಾನ ಬದಲಾವಣೆಯನ್ನು ಕುರಿತ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿಯೂ ಅವರ ಹಕ್ಕುಗಳ ಉಲ್ಲೇಖವಿದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 8ನೆಯ ಕಲಮು ಇನ್ನೂ ನಿಖರ. ವಿಪತ್ತು ನಿರ್ವಹಣಾ ಕಾರ್ಯಗಳಲ್ಲಿ ಅವರನ್ನು ಒಳಗೊಳ್ಳಬೇಕು. ಜಿಲ್ಲಾ ಪ್ರಾಧಿಕಾರವು ಅವರ ವಿವರಗಳ ದಾಖಲೆ ಇಟ್ಟು, ಅಪಾಯದ ಮಾಹಿತಿ ಮುಟ್ಟಿಸಬೇಕು.

ನೋಡಿ, ಪಟ್ಟಿ ಮತ್ತೆ ಬಂತು! ಆದರೆ ಉದ್ದೇಶ ಬೇರೆ. ಹಳೆಯ ಪಟ್ಟಿ ಕಾಳು ಅಳೆಯುವುದಕ್ಕೆ. ಹೊಸ ಪಟ್ಟಿ ಮೊದಲೇ ಎಚ್ಚರಿಸಿ ಜೊತೆಗೆ ಕರೆದುಕೊಳ್ಳುವುದಕ್ಕೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಅಧಿಕ ವಿಕಲಚೇತನರಿದ್ದರು. ಇಷ್ಟು ಜನರನ್ನು ಹೊರಗಿಟ್ಟು ಯಾವ ಊರು ತಾನೆ ಬರವನ್ನೋ ನೆರೆಯನ್ನೋ ಎದುರಿಸೀತು?

ಇದು ದೂರದ ಮಾತಲ್ಲ. 2019ರ ಆಗಸ್ಟಿನಲ್ಲಿ ವರದಾ, ತುಂಗಭದ್ರಾ ನದಿಗಳು ಉಕ್ಕಿ ನಮ್ಮ ಹಾವೇರಿ ಜಿಲ್ಲೆ ನೆರೆಗೆ ಸಿಕ್ಕಿತು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಭೂಮಿ ಬಿಸಿಯಾದಂತೆ ಬರವೂ ನೆರೆಯೂ ಉಗ್ರವಾಗುತ್ತವೆಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಮಳೆಯನ್ನು ನಂಬಿ ಮೆಣಸಿನಕಾಯಿ ಬೆಳೆಯುವ ಕದರಮಂಡಲಗಿ ಸೀಮೆಯವರಿಗೆ ಅದನ್ನು ವಿವರಿಸಬೇಕಿಲ್ಲ.

ಈಗ ಸಣ್ಣ ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಡಂಗುರ ಸಾರಿದರೆ ಕಿವುಡರಿಗೆ ಸುದ್ದಿ ಹೇಗೆ ಮುಟ್ಟೀತು? ಬರಿಯ ಫಲಕ ಬರೆದರೆ ಅಂಧರಿಗೆ? ನೆರೆ ಬಂದಾಗ ಶಾಲೆಯೇ ಪರಿಹಾರ ಕೇಂದ್ರ; ಅದರ ಮೆಟ್ಟಿಲು ಏರಲಾರದವರು ಎಲ್ಲಿ ಉಳಿಯಬೇಕು? ಬೇಸಿಗೆಯಲ್ಲಿ ನೀರಿನ ಟ್ಯಾಂಕರು ಬಂದಾಗ, ಕೊಡ ಹಿಡಿದು ಓಡಲಾರದವರ ಪಾಳಿ ಯಾವಾಗ? ಇವಕ್ಕೆ ಉತ್ತರ ತಜ್ಞರಿಗಿಂತ ಚೆನ್ನಾಗಿ ಗೊತ್ತಿರುವುದು ದಿನನಿತ್ಯ ಇವನ್ನು ಅನುಭವಿಸುವವರಿಗೆ. ಅವರು ಸಭೆಯಲ್ಲಿ ಕುಳಿತಿದ್ದರೆ ಇಳಿಜಾರು ಎಲ್ಲಿ ಬೇಕು, ನಲ್ಲಿ ಎಷ್ಟು ಎತ್ತರದಲ್ಲಿರಬೇಕು ಎಂಬುದು ಕಟ್ಟುವ ಮುನ್ನವೇ ತಿಳಿಯುತ್ತದೆ.

ಕೊಡುವುದಕ್ಕೂ ಅವರಲ್ಲಿ ಬಹಳಷ್ಟಿದೆ. ಸಸಿಮಡಿ ಕಾಯುವುದು, ಬೀಜ ಹಸನು ಮಾಡುವುದು, ಮಳೆಯ ಲೆಕ್ಕ ಬರೆಯುವುದು, ಮನೆಮನೆಗೆ ಫೋನಾಯಿಸಿ ಎಚ್ಚರಿಸುವುದು — ಇವೆಲ್ಲ ಕುಳಿತು ಮಾಡಬಹುದಾದ, ಊರು ಉಳಿಸುವ ಕೆಲಸಗಳೇ.

ನಿಮ್ಮಲ್ಲಿ ಕೆಲವರು ಪಂಚಾಯತಿ ಸದಸ್ಯರಾಗಿದ್ದೀರಿ, ಕೆಲವರು ಶಿಕ್ಷಕರಾಗಿದ್ದೀರಿ. ಮುಂದಿನ ಗ್ರಾಮಸಭೆಯಲ್ಲಿ ಕೆರೆ, ಗಿಡ, ನೀರಿನ ವಿಷಯ ಬಂದಾಗ ಒಮ್ಮೆ ಸುತ್ತ ಕಣ್ಣು ಹಾಯಿಸಿ. ಪಟ್ಟಿಯಲ್ಲಿರುವವರು ಸಭೆಯಲ್ಲಿದ್ದಾರೆಯೇ? ಇಲ್ಲದಿದ್ದರೆ ಹೋಗಿ ಕರೆದುಕೊಂಡು ಬನ್ನಿ. ಅಂದು ನಾನು ಕರೆಯಲಿಲ್ಲ. ಆ ಹುಡುಗನೂ ಇದನ್ನು ಓದುತ್ತಿದ್ದರೆ, ಉತ್ತರ ತಡವಾಯಿತು, ಕ್ಷಮಿಸಪ್ಪಾ: ಹೌದು, ಸಸಿ ಹಚ್ಚುವುದು ಎಲ್ಲರೂ ಕುಳಿತೇ ಮಾಡುವ ಕೆಲಸ.

ನಿಮ್ಮ ಮಾಸ್ತರ