ಮನೆ ಗೆದ್ದವರು, ಮನೆ ಸಿಕ್ಕವರು

ಕೊಪ್ಪ ಗೊತ್ತಲ್ವಾ? ಪಿರಿಯಾಪಟ್ಟಣ ತಾಲ್ಲೂಕಿನ ತುದಿ. ಕಾವೇರಿ ದಾಟಿದರೆ ಕುಶಾಲನಗರ. ಒಮ್ಮೆ ಅಲ್ಲಿ ಟೀ ಕುಡಿಯೋಕೆ ಅಂತ ಕಾರು ನಿಲ್ಲಿಸಿದ್ದೆ. ಡುಗ್ ಡುಗ್ ಅಂತ ಒಂದು ಹಳೇ ಯೆಜ್ಡಿ ಬಂತು. ಅಂಗಡೀಲಿದ್ದವರೆಲ್ಲ ತಿರುಗಿ ನೋಡಿದರು. ತಂಬಾಕು ಬೆಳೆಯೋ ಒಬ್ಬ ಹಿರಿಯರು ನನ್ನ ಗುರುತು ಹಿಡಿದು ಕೇಳಿದರು: ಇಷ್ಟು ಗಟ್ಟಿ ಗಾಡಿ ಮಾಡ್ತಿದ್ದ ಮೈಸೂರಿನ ಕಂಪನಿ ಯಾಕೆ ಮುಚ್ಚಿಹೋಯ್ತು?

ಒಳ್ಳೇ ಪ್ರಶ್ನೆ. ಉತ್ತರ ಅರ್ಧ ಮೈಸೂರಿನಲ್ಲಿದೆ, ಇನ್ನರ್ಧ ಜಪಾನಿನಲ್ಲಿ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ. ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ತಂತ್ರಜ್ಞಾನ ಚೆಕೊಸ್ಲೊವಾಕಿಯಾದ್ದು. 1973ರಿಂದ ಅದೇ ಗಾಡಿಗೆ ಯೆಜ್ಡಿ ಅನ್ನೋ ಹೆಸರು ಬಂತು. ಕಿಕ್ಕರ್ ಮಡಚಿದರೆ ಅದೇ ಗೇರ್! ಎಂಥಾ ಕೆಲಸ ನೋಡಿ.

ಆದರೆ ಅದು ಲೈಸೆನ್ಸ್ ರಾಜ್ ಕಾಲ. ಹೊರಗಿನ ಗಾಡಿ ಬರೋ ಹಾಗಿಲ್ಲ. ಬೈಕ್ ಬೇಕು ಅಂದರೆ ಮುಖ್ಯವಾಗಿ ಮೂರೇ: ಬುಲೆಟ್, ರಾಜದೂತ್, ಜಾವಾ. ಮಾಡಿದ್ದೆಲ್ಲ ಮಾರಾಟವಾಗೋ ಕಾಲದಲ್ಲಿ ಮೈಲೇಜ್ ಬಗ್ಗೆ ತಲೆ ಕೆಡಿಸಿಕೊಳ್ಳೋರು ಯಾರು?

ಈಗ ಜಪಾನ್ ನೋಡಿ. 1950ರ ದಶಕದಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಬೈಕ್ ಕಂಪನಿಗಳಿದ್ದವು. ತಮ್ಮತಮ್ಮಲ್ಲೇ ಕಾದಾಡಿ ಕೊನೆಗೆ ಉಳಿದ ದೊಡ್ಡವರು ನಾಲ್ಕೇ: ಹೋಂಡಾ, ಯಮಹಾ, ಸುಜುಕಿ, ಕವಾಸಕಿ. 1980ರ ದಶಕದ ಆರಂಭದಲ್ಲಿ ಹೋಂಡಾ–ಯಮಹಾ ನಡುವೆ ಎಂಥಾ ಜಿದ್ದು ಅಂದರೆ, ಹೊಸ ಮಾಡೆಲ್‌ಗಳು ಸಾಲುಸಾಲಾಗಿ ಬಂದವು. ಕೊನೆಗೆ ಸೋಲೊಪ್ಪಿದ್ದು ಯಮಹಾ.

ಆ ಗರಡಿಯಲ್ಲಿ ಪಳಗಿದವರು ನಮ್ಮ ದೇಶಕ್ಕೆ ಬಂದರು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಯೆಜ್ಡಿಯ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದಿಷ್ಟು ಪೆಟ್ರೋಲ್ ಉರಿಯದೆಯೇ ಹೊಗೆ ಜೊತೆ ಹೊರಗೆ ಹೋಗುತ್ತೆ. ಸಿಡಿ 100 ಫೋರ್ ಸ್ಟ್ರೋಕ್. ತಿಂಗಳ ಸಂಬಳದ ಮನುಷ್ಯ ಯಾವುದನ್ನ ತಗೋತಾನೆ? ಸಾಲ, ಕಾರ್ಮಿಕರ ಗಲಾಟೆಯೂ ಸೇರಿಕೊಂಡು 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. ಬೀದಿಗೆ ಬಿದ್ದದ್ದು ಕೆಲಸಗಾರರ ಮನೆಗಳು.

ಇವತ್ತಿನ ಹುಡುಗರ ವಿಡಿಯೋ ಗೇಮ್ ಕಥೆಯೂ ಇದೇ. ನಿಂಟೆಂಡೊ, ಸೋನಿ ಮೊದಲು ಗುದ್ದಾಡಿದ್ದು ಜಪಾನಿನ ಮನೆಮನೆಯಲ್ಲಿ. 2002ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಅನ್ನು ಅಲ್ಲಿಗೆ ಒಯ್ದಿತು. ದುಡ್ಡಿಗೇನೂ ಕೊರತೆ ಇರಲಿಲ್ಲ, ಆದರೂ ಕಾಲೂರೋಕೆ ಆಗಲಿಲ್ಲ. ಅಲ್ಲಿ ನೆಲೆ ಇಲ್ಲದಿದ್ದರೆ ನಷ್ಟ ಮಾರಾಟದ್ದಷ್ಟೇ ಅಲ್ಲ. ಅಲ್ಲಿನ ಗೇಮ್ ತಯಾರಕರು ಮೊದಲು ಬೇರೆಯವರ ಮನೆ ಬಾಗಿಲು ತಟ್ಟುತ್ತಾರೆ.

ಮನೆ ಗೆದ್ದು ಮಾರು ಗೆಲ್ಲು ಅಂತಾರೆ ನಮ್ಮ ಹಿರಿಯರು. ಜಪಾನಿನವರು ಮನೆ ಗೆದ್ದಿದ್ದರು. ನಮ್ಮ ಜಾವಾಗೆ ಮನೆ ಸಿಕ್ಕಿತ್ತು, ಅಷ್ಟೇ. ನಮ್ಮ ಕಂಪನಿಗಳನ್ನ ಕಾಪಾಡಿ ಅಂತ ಇವತ್ತು ಸರ್ಕಾರವನ್ನ ಕೇಳೋರೆಲ್ಲ ಈ ವ್ಯತ್ಯಾಸ ನೆನಪಿಡಬೇಕು.

2018ರಲ್ಲಿ ಜಾವಾ ಮತ್ತೆ ಬಂತು. ಹೆಸರು ಅದೇ, ತಯಾರಾಗೋದು ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ. ಕೊಪ್ಪದ ಆ ಹಿರಿಯರಿಗೆ ಇದನ್ನ ಹೇಳಿದೆ. ಅವರು ಮಾತಾಡಲಿಲ್ಲ. ಹೊರಟ ಯೆಜ್ಡಿಯ ಸದ್ದು ಸೇತುವೆ ದಾಟೋವರೆಗೂ ಕೇಳಿಸಿಕೊಂಡು ಕೂತಿದ್ದರು.