ಡಿವೈಸ್ ಟ್ರೀ

ಒಂದು ಬೋರ್ಡಿನಲ್ಲಿ ಯಾವ ಯಂತ್ರಾಂಶಗಳಿವೆ, ಅವು ಯಾವ ಮೆಮೊರಿ ವಿಳಾಸದಲ್ಲಿವೆ, ಯಾವ ಇಂಟರಪ್ಟ್ ಬಳಸುತ್ತವೆ ಎಂದು ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ವಿವರಣಾ ಕಡತ. ಇದು ಪ್ರೋಗ್ರಾಮ್ ಅಲ್ಲ. ಬೋರ್ಡಿನಲ್ಲಿ ಏನಿದೆ ಎನ್ನುತ್ತದೆ. ಏನು ಮಾಡಬೇಕು ಎಂಬುದು ಡ್ರೈವರ್‌ಗೆ ಬಿಟ್ಟದ್ದು.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಮಿಚ್ ಬ್ರಾಡ್ಲಿ ರೂಪಿಸಿದ ಓಪನ್‌ಬೂಟ್ ಫರ್ಮ್‌ವೇರ್ ಇದರ ಮೂಲ. 1994ರಲ್ಲಿ ಅದು ಓಪನ್ ಫರ್ಮ್‌ವೇರ್ ಹೆಸರಿನಲ್ಲಿ ಐಇಇಇ 1275 ಮಾನಕವಾಯಿತು. ಆಪಲ್‌ನ ಪವರ್‌ಪಿಸಿ ಮ್ಯಾಕ್‌ಗಳೂ ಅದನ್ನು ಬಳಸಿದವು. ಅಷ್ಟು ದೊಡ್ಡ ಫರ್ಮ್‌ವೇರ್ ಸಣ್ಣ ಬೋರ್ಡುಗಳಿಗೆ ಹೊರೆ. ಹಾಗಾಗಿ 2005ರ ಸುಮಾರಿಗೆ ಬೆಂಜಮಿನ್ ಹೆರೆನ್‌ಶ್ಮಿಟ್ ಮೊದಲಾದವರು ವಿವರಣೆಯನ್ನಷ್ಟೇ ಬೇರ್ಪಡಿಸಿ, ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರ್, ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಕೊಡಬಲ್ಲ ಪುಟ್ಟ ಬೈನರಿ ಕಡತವಾಗಿಸಿದರು.

ನಿಜವಾದ ಪರೀಕ್ಷೆ ನಡೆದದ್ದು ಆರ್ಮ್ ಪ್ರೊಸೆಸರ್‌ಗಳಲ್ಲಿ. ಪಿಸಿಯಲ್ಲಿ ಪಿಸಿಐ ಸಾಧನಗಳನ್ನು ಕೇಳಿದರೆ ತಾವಾರೆಂದು ಹೇಳುತ್ತವೆ. ಆರ್ಮ್ ಚಿಪ್ಪಿನೊಳಗಿನ ಬಹುಪಾಲು ಸಾಧನಗಳಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಪ್ರತಿ ಬೋರ್ಡಿಗೂ ಸಿ ಭಾಷೆಯಲ್ಲಿ ಬೇರೆಯೇ 'ಬೋರ್ಡ್ ಫೈಲ್' ಬರೆದು ಕರ್ನಲ್‌ಗೆ ಸೇರಿಸುತ್ತಿದ್ದರು. ಬೋರ್ಡುಗಳು ಹೆಚ್ಚಿದಂತೆ ಒಂದೇ ಬಗೆಯ ಕೋಡ್ ರಾಶಿ ಬಿತ್ತು. 2011ರ ಮಾರ್ಚ್‌ನಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಇದಕ್ಕೆ ಬಹಿರಂಗವಾಗಿಯೇ ರೇಗಿದರು. ಆ ತಕರಾರು ನ್ಯಾಯವಾದದ್ದು. ಗ್ರಾಂಟ್ ಲೈಕ್ಲಿ ಮತ್ತು ಜೊತೆಗಾರರು ಆಗಲೇ ಆರ್ಮ್‌ಗೆ ಡಿವೈಸ್ ಟ್ರೀ ತರುವ ಕೆಲಸದಲ್ಲಿದ್ದರು. ಅದಕ್ಕೆ ಈಗ ವೇಗ ಬಂತು. 2012ರ ಡಿಸೆಂಬರ್‌ನ ಲಿನಕ್ಸ್ 3.7ರಿಂದ ಒಂದೇ ಕರ್ನಲ್ ಹಲವು ಕಂಪನಿಗಳ ಆರ್ಮ್ ಚಿಪ್ಪುಗಳಲ್ಲಿ ಏಳುವಂತಾಯಿತು.

ಇದರ ಕೀಲಿಕೈ 'ಕಂಪ್ಯಾಟಿಬಲ್' ಎಂಬ ಸಾಲು. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡಿನ ಕಡತದಲ್ಲಿ ಅದು ಮೊದಲು ಆ ಬೋರ್ಡಿನ ಹೆಸರನ್ನೂ, ನಂತರ ಮೂಲ ಬೀಗಲ್‌ಬೋನ್ ಹೆಸರನ್ನೂ, ಕೊನೆಗೆ ಚಿಪ್ಪಿನ ಕುಟುಂಬದ ಹೆಸರನ್ನೂ ಕೊಡುತ್ತದೆ. ಮೊದಲ ಹೆಸರು ಕರ್ನಲ್‌ಗೆ ಗೊತ್ತಿರದಿದ್ದರೂ ಮುಂದಿನದು ಹೊಂದಿದರೆ ಸಾಕು, ಕೆಲಸ ಸಾಗುತ್ತದೆ. ಇಷ್ಟು ಸರಳವಾದ ಏರ್ಪಾಡು ಇಷ್ಟು ಕಾಲ ಬಾಳಿದ್ದು ಮೆಚ್ಚಬೇಕಾದ ಸಂಗತಿ.

ಮುಂದೆ ವಿವರಣೆಯ ತಪ್ಪು ಹಿಡಿಯಲು ಯಾಮಲ್ ರೂಪದಲ್ಲಿ ಬರೆದ ನಿಯಮಗಳು, ಅಂದರೆ ಸ್ಕೀಮಾಗಳು, ಬಂದವು. ರಾಬ್ ಹೆರಿಂಗ್ ಆ ಕೆಲಸದ ಮುಂದಾಳು. ರಾಸ್ಪ್‌ಬೆರಿ ಪೈನಲ್ಲಿ ಹೊಸ ಸೆನ್ಸರ್ ಜೋಡಿಸುವಾಗ ಹಚ್ಚುವ 'ಓವರ್‌ಲೇ' ಕೂಡ ಇದೇ ಮರಕ್ಕೆ ಕಸಿ ಕಟ್ಟುವ ತುಣುಕು. ವಿವರಣೆ ಯಾವುದೇ ಒಂದು ಸಿಸ್ಟಮ್‌ಗೆ ಅಂಟಿಕೊಂಡಿರಬಾರದು ಎಂಬುದು ತತ್ತ್ವ. ಆದರೂ ಮೂಲ ಕಡತಗಳಲ್ಲಿ ಬಹುಪಾಲು ಇಂದಿಗೂ ಲಿನಕ್ಸ್ ಕರ್ನಲ್‌ನ ಒಳಗೇ ಇವೆ. ಯು-ಬೂಟ್ ಎಂಬ ಬೂಟ್‌ಲೋಡರ್, ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಯೋಜನೆಗಳು ಅಲ್ಲಿಂದಲೇ ತರಿಸಿಕೊಳ್ಳುತ್ತವೆ.