ಬೆಳಗದ ಡ್ಯಾಶ್‌ಬೋರ್ಡ್: ಒಂದು ರಿಪೇರಿ ಕಸುಬಿನ ಇತಿಹಾಸ

ಕಾರಿನ ಡ್ಯಾಶ್‌ಬೋರ್ಡ್ ಮೊದಲು ಬರೀ ಮರದ ಹಲಗೆ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರನ ಮೈಮೇಲೆ ಬೀಳದಿರಲೆಂದು ಗಾಡಿಯ ಮುಂಭಾಗದಲ್ಲಿ ನಿಲ್ಲಿಸುತ್ತಿದ್ದ ಈ ಹಲಗೆ, ಕುದುರೆ ಹೋಗಿ ಎಂಜಿನ್ ಬಂದ ಮೇಲೂ ಉಳಿಯಿತು. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಸ್ಪೀಡೋಮೀಟರಿಗೂ ವಿದ್ಯುತ್ತಿನ ಸಂಪರ್ಕ ಬೇಕಿರಲಿಲ್ಲ. ತಿರುಗುವ ಕೇಬಲ್ಲು ಅಯಸ್ಕಾಂತವನ್ನು ತಿರುಗಿಸುತ್ತಿತ್ತು, ಅದರ ಸೆಳೆತಕ್ಕೆ ಮುಳ್ಳು ಸರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ ಬ್ಯಾಟರಿ, ಡೈನಮೊ, ವಿದ್ಯುತ್ ದೀಪ ಮೂರೂ ಒಂದೇ ವ್ಯವಸ್ಥೆಯೊಳಗೆ ಸೇರಿದವು. ಮುಂದೆ ಮೀಟರುಗಳ ಹಿಂದೆ ಪುಟ್ಟ ಬಲ್ಬುಗಳು ಕೂತವು. ಬಲ್ಬು ಬಂತೆಂದರೆ ಅದು ಕೆಡುವುದೂ ಬಂತು, ಕೆಟ್ಟದ್ದನ್ನು ಹುಡುಕುವ ಕಸುಬೂ ಬೆಳೆಯಿತು.

ಆ ಕಾಲದ ಮೀಟರು ದೀಪದ ವೈರಿಂಗ್ ಸರಳ. ಬ್ಯಾಟರಿಯಿಂದ ಫ್ಯೂಸು, ಅಲ್ಲಿಂದ ಸ್ವಿಚ್ಚು, ಕೆಲವು ಕಾರುಗಳಲ್ಲಿ ಬೆಳಕು ಹೆಚ್ಚುಕಡಿಮೆ ಮಾಡುವ ತಿರುಗುಗುಂಡಿ, ಆಮೇಲೆ ಬಲ್ಬು. ಬಲ್ಬಿನಿಂದ ಕಾರಿನ ಲೋಹದ ಮೈಯ ಮೂಲಕವೇ ಕರೆಂಟು ಬ್ಯಾಟರಿಗೆ ವಾಪಸು. ಮೆಕ್ಯಾನಿಕ್ಕುಗಳು ಅರ್ತ್ ಎನ್ನುವ ಈ ವಾಪಸು ದಾರಿಯೇ ಅನೇಕ ಸಲ ತಕರಾರಿನ ಮೂಲ. ಒಂದು ಸ್ಕ್ರೂ ಸಡಿಲವಾದರೂ, ಅದರಡಿ ತುಕ್ಕು ಹಿಡಿದರೂ ದೀಪ ಮಂಕಾಗುತ್ತದೆ, ಇಲ್ಲವೇ ಆರಿಹೋಗುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳು ರಸ್ತೆ ತುಂಬಿದ್ದ ದಶಕಗಳಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಂಥ ಕಡೆಗಳ ಆಟೊ ಎಲೆಕ್ಟ್ರಿಷಿಯನ್ನರಿಗೆ ಟೆಸ್ಟ್ ಲ್ಯಾಂಪ್ ಒಂದಿದ್ದರೆ ಸಾಕಿತ್ತು. ಬಲ್ಬಿಗೆ ಎರಡು ವೈರು ಕಟ್ಟಿದ ಈ ಸಾಧನದ ಒಂದು ತುದಿಯನ್ನು ಕಾರಿನ ಮೈಗೆ ಸಿಕ್ಕಿಸಿ, ಇನ್ನೊಂದರಿಂದ ಫ್ಯೂಸು, ಸ್ವಿಚ್ಚು, ಹೋಲ್ಡರುಗಳನ್ನು ಸರದಿಯಂತೆ ಮುಟ್ಟುತ್ತ ಹೋದರೆ, ಕರೆಂಟು ಎಲ್ಲಿ ನಿಂತಿದೆ ಎಂಬುದು ನಿಮಿಷಗಳಲ್ಲಿ ಗೊತ್ತಾಗುತ್ತಿತ್ತು. ಪುಸ್ತಕ ನೋಡದೆ ಕೈಯಿಂದ ಕೈಗೆ ದಾಟಿದ ಈ ವಿದ್ಯೆಯಲ್ಲಿ ಶುದ್ಧ ತರ್ಕವಿದೆ. ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

ಮೀಟರುಗಳೆಲ್ಲ ಒಂದೇ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸೇರಿದ ಮೇಲೆ ಬಿಡಿ ವೈರುಗಳ ಬದಲು ತಾಮ್ರದ ತೆಳುಗೆರೆಗಳಿದ್ದ ಬಾಗುವ ಹಾಳೆ ಬಂತು. ಗೆರೆ ಬಿರಿದರೆ, ಹೋಲ್ಡರು ಕೂರುವಲ್ಲಿ ಕಿಲುಬು ಹಿಡಿದರೆ ಬಲ್ಬು ಉರಿಯದು. ಆದರೂ ಕೆಲಸ ಕಣ್ಣಳತೆಯಲ್ಲೇ ಇತ್ತು.

ಅದು ಕಣ್ಣಿನಿಂದ ಮರೆಯಾದದ್ದು ಮುಳ್ಳಿನ ಜಾಗಕ್ಕೆ ಅಂಕಿ ಬಂದಾಗ. ವಿಲಿಯಂ ಟೌನ್ಸ್ ವಿನ್ಯಾಸ ಮಾಡಿದ ಆಸ್ಟನ್ ಮಾರ್ಟಿನ್ ಲಗೋಂಡಾ 1976ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಾಗ ಅದರ ಎಲ್‌ಇಡಿ ಅಂಕಿಗಳೂ ಮುಟ್ಟಿದರೆ ಸಾಕೆನ್ನುವ ಗುಂಡಿಗಳೂ ಬೆರಗು ಹುಟ್ಟಿಸಿದವು. ಎಲೆಕ್ಟ್ರಾನಿಕ್ಸಿನ ತೊಡಕುಗಳಿಂದಾಗಿ ಕಾರು ಕೊಳ್ಳುವವರ ಕೈಸೇರುವುದು ವರ್ಷಗಟ್ಟಲೆ ತಡವಾಯಿತು. ಅಮೆರಿಕದಲ್ಲಿ 1986ರ ಬ್ಯುಕ್ ರಿವಿಯೆರಾ ಮುಟ್ಟಿ ನಡೆಸುವ ಪರದೆಯನ್ನೇ ತಂದಿತು. ಅದು ಹಳೆಯ ಟಿವಿಯಂಥ ಪಿಕ್ಚರ್ ಟ್ಯೂಬ್. ರೇಡಿಯೊ, ಏಸಿಗಳನ್ನು ಅದರಿಂದಲೇ ನಡೆಸಬೇಕಿತ್ತು. ರಸ್ತೆಯಿಂದ ಕಣ್ಣು ಕೀಳಬೇಕಾಗುತ್ತದೆ ಎಂಬ ದೂರು ಬಂತು. 1990ರ ಹೊತ್ತಿಗೆ ಆ ಪರದೆಯನ್ನು ಕೈಬಿಟ್ಟರು. ಕಾಲಕ್ಕೆ ಮುಂಚೆ ಬಂದ ಈ ಪ್ರಯೋಗಗಳನ್ನು ಸೋಲೆಂದು ತಳ್ಳಿಹಾಕುವುದು ಸರಿಯಲ್ಲ. ಇಂದಿನ ಪರದೆಗಳ ಬಗ್ಗೆ ಕೇಳಿಬರುವ ದೂರೂ ಅದೇ.

ಆಮೇಲೆ ವ್ಯಾಪಕವಾದ ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ದೀಪ ಬೆಳಗಿದರೆ ಮಾತ್ರ ಮೇಲಿನ ಚಿತ್ರ ಕಾಣುತ್ತದೆ. ಹಾಗಾಗಿ ಪರದೆ ಕಪ್ಪಾದಾಗ ಕೇಳಬೇಕಾದ ಪ್ರಶ್ನೆ ಎರಡಾಯಿತು: ಚಿತ್ರವೇ ಇಲ್ಲವೋ, ಚಿತ್ರವಿದ್ದೂ ಬೆಳಕಿಲ್ಲವೋ? ಕಸುಬುದಾರರು ಕಂಡುಕೊಂಡ ಪರೀಕ್ಷೆ ಟಾರ್ಚಿನದು. ಓರೆಯಾಗಿ ಬೆಳಕು ಬಿಟ್ಟಾಗ ಅಂಕಿಗಳ ಮಸುಕು ನೆರಳು ಕಂಡರೆ ಪರದೆ ಜೀವಂತವಿದೆ, ಹಿಂದಿನ ದೀಪ ಸತ್ತಿದೆ. ಮೊದಮೊದಲ ಬಣ್ಣದ ಪರದೆಗಳಲ್ಲಿ ಈ ದೀಪ ಸಣ್ಣ ಟ್ಯೂಬ್‌ಲೈಟು. ಅದಕ್ಕೆ ನೂರಾರು ವೋಲ್ಟ್ ಒದಗಿಸುವ ಇನ್ವರ್ಟರೇ ಕೆಟ್ಟಿರುವ ಸಾಧ್ಯತೆಯೂ ಇತ್ತು. ಎಲ್‌ಇಡಿ ಬಂದ ಮೇಲೆ ಆ ತೊಂದರೆ ತಪ್ಪಿತು. ತೊಂಬತ್ತರ ದಶಕದ ಕೆಲವು ಬಿಎಂಡಬ್ಲ್ಯು, ಸಾಬ್ ಕಾರುಗಳಲ್ಲಿ ಕಾಣುತ್ತಿದ್ದ ದೋಷ ಬೇರೆ ಬಗೆಯದು: ಪರದೆಗೆ ಬಿಸಿಯಿಂದ ಅಂಟಿಸಿದ ಪಟ್ಟಿ ಕೇಬಲ್ಲಿನ ಅಂಟು ವರ್ಷಗಳ ಶಾಖಕ್ಕೆ ಬಿಟ್ಟುಕೊಂಡು ಅಕ್ಷರಗಳ ಗೆರೆಗಳು ಒಂದೊಂದಾಗಿ ಅಳಿಸಿಹೋಗುತ್ತಿದ್ದವು. ಅದನ್ನು ಬಿಚ್ಚಿ ಹೊಸ ಪಟ್ಟಿ ಕೂರಿಸುವುದೇ ಒಂದು ಪ್ರತ್ಯೇಕ ಕಸುಬಾಗಿ ಬೆಳೆಯಿತು.

ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟ ಕ್ಯಾನ್ ಬಸ್ ವ್ಯವಸ್ಥೆ ಇನ್ನೊಂದು ತಿರುವು. ಕಾರಿನ ಬೇರೆ ಬೇರೆ ಕಂಪ್ಯೂಟರುಗಳು ಒಂದೇ ಜೋಡಿ ವೈರಿನಲ್ಲಿ ಸಂದೇಶ ಕಳಿಸುವ ಈ ಏರ್ಪಾಡಿನಲ್ಲಿ ಪರದೆಗೂ ಫ್ಯೂಸಿಗೂ ಏನೂ ಆಗದೆಯೇ, ಎಚ್ಚರಗೊಳ್ಳುವ ಸಂದೇಶ ತಲುಪದ ಕಾರಣಕ್ಕೆ ಪರದೆ ಕಪ್ಪಾಗಿ ಉಳಿಯಬಹುದು. ಟೆಸ್ಟ್ ಲ್ಯಾಂಪಿಗೆ ಈ ದೋಷ ಕಾಣದು. ಕೆಲವೊಮ್ಮೆ ಅದನ್ನು ಬಳಸಿದರೇ ಸೂಕ್ಷ್ಮ ಸರ್ಕ್ಯೂಟು ಸುಟ್ಟೀತು. ಅದರ ಜಾಗಕ್ಕೆ ಮಲ್ಟಿಮೀಟರೂ ಸ್ಕ್ಯಾನರೂ ಬಂದವು. ಹಾಗೆಂದು ಹಳೆಯ ಕ್ರಮ ಬಿದ್ದುಹೋಗಲಿಲ್ಲ. ಇಂದಿಗೂ ಮೊದಲು ಅಳೆಯುವುದು ಬ್ಯಾಟರಿ ವೋಲ್ಟೇಜು, ಆಮೇಲೆ ಫ್ಯೂಸು, ಆಮೇಲೆ ಅರ್ತ್. ಪರದೆಗೆ ಸಾಮಾನ್ಯವಾಗಿ ಸದಾ ಹರಿಯುವ ಕರೆಂಟಿನದೊಂದು, ಕೀಲಿ ತಿರುಗಿಸಿದಾಗ ಬರುವುದೊಂದು ಎಂದು ಎರಡು ಸಂಪರ್ಕಗಳಿರುವುದರಿಂದ ಎರಡನ್ನೂ ನೋಡಬೇಕು. ಈ ಮೂರನ್ನು ಬಿಟ್ಟು ನೇರ ಪರದೆ ಬದಲಿಸಲು ಹೇಳುವುದು ಕಸುಬಿಗೆ ಮಾಡುವ ಅನ್ಯಾಯ.

ಸಾಫ್ಟ್‌ವೇರಿನ ಕಾಲದಲ್ಲಿ ಪರದೆ ಆರುವುದು ಸುರಕ್ಷತೆಯ ಪ್ರಶ್ನೆಯೂ ಆಯಿತು. ಟೆಸ್ಲಾದ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳ 8 ಜಿಬಿ ಮೆಮೊರಿ ಚಿಪ್ಪು ಮೇಲಿಂದ ಮೇಲೆ ಬರೆಸಿಕೊಂಡು ಸವೆದು, ಪರದೆಯೂ ಅದರಲ್ಲಿ ಕಾಣಬೇಕಿದ್ದ ಹಿಂಬದಿ ಕ್ಯಾಮೆರಾ ಚಿತ್ರವೂ ಕೈಕೊಡುತ್ತಿದ್ದವು. 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ಈ ಕಾರಣಕ್ಕೆ ವಾಪಸು ಕರೆಸಲಾಯಿತು.

ಇಂಥ ದೋಷ ಸರಿಪಡಿಸಲು ತಯಾರಕರ ಮಾಹಿತಿ, ಸಾಫ್ಟ್‌ವೇರು ಹೊರಗಿನ ಗ್ಯಾರೇಜಿಗೂ ಸಿಗಬೇಕೆಂಬ ಬೇಡಿಕೆಗೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಒಪ್ಪಿಗೆ ಕೊಟ್ಟರು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಕುರಿತು ಸಮಿತಿ ರಚಿಸಿತು. ಅದು ಮೊದಲಿಗೆ ಆರಿಸಿಕೊಂಡ ಕ್ಷೇತ್ರಗಳಲ್ಲಿ ವಾಹನಗಳೂ ಸೇರಿವೆ.